ಯಂತ್ರಕ್ಕೆ ತಕ್ಕ ವೇಷ

ಕಾಲಕ್ಕೆ ತಕ್ಕ ಕೋಲ, ದೇಶಕ್ಕೆ ತಕ್ಕ ವೇಷ ಎಂಬ ಗಾದೆಯನ್ನು ನಾವು ಮನುಷ್ಯರಿಗೆ ಮಾತ್ರ ಅನ್ವಯಿಸುತ್ತೇವೆ. ಗಣಕಯಂತ್ರಗಳ ಲೋಕದಲ್ಲಿಯೂ ಅದು ಅಕ್ಷರಶಃ ಸಲ್ಲುವುದೆಂದರೆ ವಾಚಕರಿಗೆ ಸೋಜಿಗವಾದೀತು. ಬರೆಯುವುದಕ್ಕೂ ತಿದ್ದುವುದಕ್ಕೂ ನೆರವಾಗುವ ತಂತ್ರಾಂಶವೊಂದು, ಎಂದರೆ ಟೆಕ್ಸ್ಟ್ ಎಡಿಟರ್, ಒಂದು ಯಂತ್ರದಿಂದ ಇನ್ನೊಂದಕ್ಕೆ ವಲಸೆ ಹೋಗಬೇಕಾದರೆ ಯಾವ ವೇಷ ತೊಡಬೇಕು, ತೊಡದಿದ್ದರೆ ಅದರ ಗತಿ ಏನು, ಎಂಬುದನ್ನು ಈ ವಾರ ನೋಡೋಣ.

ಮೊದಲು ಒಂದು ಮರಣದ ಕಥೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1976ರಲ್ಲಿ ಈಮ್ಯಾಕ್ಸ್ ಎಂಬ ಎಡಿಟರ್ ಹುಟ್ಟಿತು. ಅದರ ಮನೆ ಪಿಡಿಪಿ-10 ಎಂಬ ಯಂತ್ರ. ಆ ಯಂತ್ರದ ಒಂದೊಂದು ಪದಕ್ಕೂ 36 ಬಿಟ್‌ಗಳು. ಏಳು ಬಿಟ್‌ಗಳ ಐದು ಅಕ್ಷರಗಳನ್ನು ತುಂಬಿದರೆ ಒಂದು ಬಿಟ್ ಮಿಗುತ್ತಿತ್ತು. ಅಲ್ಲಿನ ತಂತ್ರಾಂಶಗಳೆಲ್ಲ ಬಹುಮಟ್ಟಿಗೆ ಆ ಯಂತ್ರದ ಆಡುಮಾತಿನಲ್ಲಿಯೇ ಬರೆದವು. 1983ರಲ್ಲಿ ಅದನ್ನು ತಯಾರಿಸುತ್ತಿದ್ದ ಡಿಜಿಟಲ್ ಕಂಪನಿಯು ಆ ವಂಶದ ಮುಂದಿನ ಯಂತ್ರವನ್ನು ಕೈಬಿಟ್ಟಿತು. ವರ್ಷಾನುಗಟ್ಟಲೆ ಬೆವರು ಸುರಿಸಿ ಕಟ್ಟಿದ ತಂತ್ರಾಂಶಗಳಿಗೆ ನಿಲ್ಲಲು ನೆಲವಿಲ್ಲದಂತಾಯಿತು. ಗಂಡನೊಡನೆ ಚಿತೆಯೇರಿದ ಸತಿಯಂತೆ, ಯಂತ್ರದೊಡನೆ ಅದರ ವಿದ್ಯೆಯೂ ಬೂದಿಯಾಗುವ ಹೊತ್ತು ಅದು.

ಈ ನಷ್ಟವನ್ನು ಕಣ್ಣಾರೆ ಕಂಡವರಲ್ಲಿ ಒಬ್ಬರು ರಿಚರ್ಡ್ ಸ್ಟಾಲ್ಮನ್. 1984ರಲ್ಲಿ ಅವರು ಈಮ್ಯಾಕ್ಸನ್ನು ಹೊಸದಾಗಿ ಬರೆಯಲು ತೊಡಗಿದರು. 1985ರಲ್ಲಿ ಅದು ಗ್ನೂ ಈಮ್ಯಾಕ್ಸ್ ಎಂಬ ಹೆಸರಿನಿಂದ ಜನರ ಕೈಸೇರಿತು. ಈ ಬಾರಿ ಬರವಣಿಗೆ ಸಿ ಮತ್ತು ಲಿಸ್ಪ್ ಭಾಷೆಗಳಲ್ಲಿ. ಪ್ರೊಸೆಸರಿನಿಂದ ಪ್ರೊಸೆಸರಿಗೆ ಬದಲಾಗುವ ಸಂಗತಿಗಳನ್ನೆಲ್ಲ ಹೆಕ್ಕಿ ತೆಗೆದು ಒಂದು ಪುಟ್ಟ ಕಡತದಲ್ಲಿ ಇರಿಸಲಾಯಿತು. ವ್ಯಾಕ್ಸ್ ಯಂತ್ರಕ್ಕೆ ಒಂದು ಕಡತ, ಇನ್ನೊಂದು ಯಂತ್ರಕ್ಕೆ ಇನ್ನೊಂದು. ಕೊಂಡವನು ಮಾಡಬೇಕಾದುದು ಇಷ್ಟೆ: ಸಂರಚನೆಯ ಮುಖ್ಯ ಕಡತವನ್ನು ತೆರೆದು, ತನ್ನ ಯಂತ್ರದ ಕಡತ ಯಾವುದು, ತನ್ನ ಕಾರ್ಯವ್ಯವಸ್ಥೆಯ ಕಡತ ಯಾವುದು ಎಂದು ಹೆಸರಿಸುವುದು. ಮಿಕ್ಕ ಸಾವಿರಾರು ಸಾಲುಗಳನ್ನು ಮುಟ್ಟುವಂತಿಲ್ಲ.

ಆ ಪುಟ್ಟ ಕಡತದಲ್ಲಿ ಇದ್ದುದೇನು? ಮೊದಲನೆಯ ಪ್ರಶ್ನೆ, ಬೈಟ್‌ಗಳ ಕ್ರಮ. ನಮ್ಮ 'ಕ' ಅಕ್ಷರವನ್ನೇ ತೆಗೆದುಕೊಳ್ಳೋಣ. ಇಂದಿನ ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 3221. ಇದನ್ನು ಎರಡು ಬೈಟ್‌ಗಳಾಗಿ ಒಡೆದರೆ 12 ಮತ್ತು 149 ದೊರೆಯುತ್ತವೆ. ಮೋಟರೋಲಾ 68000 ಪ್ರೊಸೆಸರು 12ನ್ನು ಮುಂದಿಡುತ್ತದೆ. ವ್ಯಾಕ್ಸ್ 149ನ್ನು ಮುಂದಿಡುತ್ತದೆ. ಒಂದರಲ್ಲಿ ಬರೆದುದನ್ನು ಇನ್ನೊಂದರ ಪದ್ಧತಿಯಲ್ಲಿ ಓದಿದರೆ ಸಂಖ್ಯೆ 38156 ಆಗಿ, ನಮ್ಮ 'ಕ'ಕಾರ ಚೀನೀ ಲಿಪಿಯ ಅಕ್ಷರವಾಗಿ ಕೂರುತ್ತದೆ! ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಗಲಿವರನ ಕಥೆಯ ಕುಳ್ಳರು ಕಾದಾಡಿದಂತೆ ಇದು ಎಂದು ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರಲ್ಲಿ ಹಾಸ್ಯಮಾಡಿದರು. ಅವರಿಟ್ಟ ದೊಡ್ಡ ತುದಿ, ಸಣ್ಣ ತುದಿ ಎಂಬ ಹೆಸರುಗಳೇ ನಿಂತುವು.

ಎರಡನೆಯದು ಇನ್ನೂ ಸೂಕ್ಷ್ಮ. ಎಂಟೂ ಬಿಟ್‌ಗಳು ಒಂದಾಗಿರುವ ಬೈಟನ್ನು ಕೆಲವು ಯಂತ್ರಗಳಲ್ಲಿ 255 ಎಂದು ಓದುವರು, ಕೆಲವುಗಳಲ್ಲಿ ಋಣ ಒಂದು ಎಂದು. ಬೈಟ್ ಒಂದೇ, ಅರ್ಥ ಎರಡು. ಇದನ್ನು ಮೊದಲೇ ತಿಳಿಸದಿದ್ದರೆ ಎಡಿಟರು ಲೆಕ್ಕ ತಪ್ಪುತ್ತದೆ. ತಪ್ಪಿದುದು ಒಡನೆ ತಿಳಿಯುವುದೂ ಇಲ್ಲ.

ಮೂರನೆಯದು ವಿಳಾಸದ ತೊಡಕು. ಆರಂಭದ ಈಮ್ಯಾಕ್ಸ್ 32 ಬಿಟ್‌ಗಳ ಪದವೊಂದರಲ್ಲಿ 24ನ್ನು ವಿಳಾಸಕ್ಕೂ ಸಂಖ್ಯೆಗೂ ಮೀಸಲಿಟ್ಟು, ಉಳಿದ ಎಂಟರಲ್ಲಿ ವಸ್ತುವಿನ ಜಾತಿಯನ್ನೂ ಒಂದು ಗುರುತನ್ನೂ ಬರೆದುಕೊಳ್ಳುತ್ತಿತ್ತು. ಈ ಮಿತವ್ಯಯದಿಂದಾಗಿ ಸುಮಾರು 80 ಲಕ್ಷ ಅಕ್ಷರಗಳಿಗಿಂತ ದೊಡ್ಡ ಕಡತವನ್ನು ಅದು ತೆರೆಯಲಾರದಾಯಿತು. ಅಷ್ಟೇ ಅಲ್ಲ, ಕೆಲವು ಪ್ರೊಸೆಸರುಗಳು ದತ್ತಾಂಶವನ್ನು ಬಹು ಎತ್ತರದ ವಿಳಾಸಗಳಲ್ಲಿ ಇರಿಸುತ್ತಿದ್ದವು. 24 ಬಿಟ್‌ಗಳಿಗೆ ಕತ್ತರಿಸಿದಾಗ ವಿಳಾಸದ ತಲೆಯೇ ಹಾರಿಹೋಗುತ್ತಿತ್ತು! ಕತ್ತರಿಸಿದ ತಲೆಯನ್ನು ಮತ್ತೆ ಜೋಡಿಸುವ ಸೂತ್ರವನ್ನು ಆ ಯಂತ್ರದ ಕಡತದಲ್ಲಿ ಒಂದೇ ಸಾಲಿನಲ್ಲಿ ಬರೆದಿಡುತ್ತಿದ್ದರು.

ಇವೆಲ್ಲಕ್ಕಿಂತ ಕಠಿಣವಾದುದು ಕೊನೆಯದು. ಲಿಸ್ಪ್ ಭಾಗಗಳನ್ನೆಲ್ಲ ಪ್ರತಿ ಸಲವೂ ಓದಿಕೊಂಡು ಎದ್ದೇಳಲು ಬಹಳ ಹೊತ್ತು ಬೇಕು. ಆದುದರಿಂದ ಒಮ್ಮೆ ಓದಿಸಿ, ತುಂಬಿದ ಸ್ಮೃತಿಯನ್ನು ಇದ್ದಂತೆಯೇ ಡಿಸ್ಕಿಗೆ ಇಳಿಸಿ, ಮುಂದೆ ಅದನ್ನೇ ಎಬ್ಬಿಸುತ್ತಿದ್ದರು. ಈ ಪರಕಾಯ ಪ್ರವೇಶಕ್ಕೆ ಆಯಾ ಯಂತ್ರವ್ಯವಸ್ಥೆಯ ಗುಟ್ಟುಗಳೆಲ್ಲ ತಿಳಿದಿರಬೇಕು. ತಿಳಿಯದ ಕಡೆ 'ಇಲ್ಲಿ ಇದು ಸಾಧ್ಯವಿಲ್ಲ' ಎಂದು ಕಡತದಲ್ಲಿ ಒಪ್ಪಿಕೊಂಡು, ಪ್ರತಿ ಬಾರಿಯೂ ಕಾಯುವುದೇ ಗತಿ. ಯಂತ್ರಯಂತ್ರಕ್ಕೂ ಬೇರೆಯಾಗದ ವಿಧಾನವೊಂದು ಬಂದುದು 2020ರಲ್ಲಿ, 27ನೆಯ ಆವೃತ್ತಿಯಲ್ಲಿ.

ಈ ಕಡತಗಳನ್ನೆಲ್ಲ ಒಬ್ಬರೇ ಬರೆಯಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಎಲ್ಲ ಯಂತ್ರಗಳನ್ನೂ ಒಬ್ಬನು ಎಲ್ಲಿಂದ ತಂದಾನು? ಖಾಲಿ ಮಾದರಿಯೊಂದನ್ನು ಮೂಲದೊಡನೆ ಕೊಟ್ಟಿದ್ದರು. ಹೊಸ ಯಂತ್ರ ಬಂದಲ್ಲಿ ಯಾರೋ ಒಬ್ಬರು ಅದನ್ನು ತುಂಬಿ, ತಪ್ಪಿ, ತಿದ್ದಿ, ಕಡೆಗೆ ಸರಿಯಾದುದನ್ನು ಹಿಂದಕ್ಕೆ ಕಳಿಸುತ್ತಿದ್ದರು. ಮುಂದೆ ಬಂದವರಿಗೆ ಆ ಕಷ್ಟವಿಲ್ಲ. ಮೂಲಬರಹವನ್ನು ಮುಚ್ಚಿಟ್ಟಿದ್ದರೆ ಇದು ನಡೆಯುತ್ತಿರಲಿಲ್ಲ. ಹೊಸ ಯಂತ್ರ ಕೊಂಡವನು ಮಾರಾಟಗಾರನ ಬಾಗಿಲಲ್ಲಿ ಕೈಕಟ್ಟಿ ನಿಂತು, ಅವನ ದಯೆಗಾಗಿ ಕಾಯಬೇಕಾಗುತ್ತಿತ್ತು.

ಮುಂದೆ ಯಂತ್ರದ ಗುಣಗಳನ್ನು ತಾನೇ ಪರೀಕ್ಷಿಸಿ ತಿಳಿಯುವ ಸಾಧನಗಳು ಬಂದುವು. 2010ರ ದಶಕದ ಮೊದಲ ವರ್ಷಗಳಲ್ಲಿ ಆ ಪುಟ್ಟ ಕಡತಗಳನ್ನು ಒಂದೊಂದಾಗಿ ಅಳಿಸಿಬಿಟ್ಟರು. ವ್ಯಾಕ್ಸ್ ಯಂತ್ರ ಮ್ಯೂಸಿಯಮ್ ಸೇರಿತು; ಈಮ್ಯಾಕ್ಸ್ ಮಾತ್ರ ಇಂದಿಗೂ ಬಾಳುತ್ತಿದೆ, ಕನ್ನಡವನ್ನೂ ಬರೆಯುತ್ತಿದೆ.

ಮನೆ ಬೀಳುವುದನ್ನು ಯಾರೂ ತಪ್ಪಿಸಲಾರರು. ಆದರೆ ಬಾಗಿಲಿನ ಅಳತೆ ಮೊದಲೇ ಬರೆದಿಟ್ಟಿದ್ದರೆ, ಸಾಮಾನುಗಳನ್ನಾದರೂ ಇನ್ನೊಂದು ಮನೆಗೆ ಸಾಗಿಸಬಹುದು.