ಮಗುವಿನ ಅಂಗಿಗೆ ಕಂತಿನ ಕಪಾಟೇ?

ಕಳೆದ ಮಳೆಗಾಲದಲ್ಲಿ ಹೇರೂರಿನ ನೆಂಟರ ಮನೆಯೊಂದರಲ್ಲಿ ಎರಡು ದಿನ ಉಳಿದಿದ್ದೆ. ಹೆಸರು ಬೇಡ, ಓದಿದರೆ ಅವರಿಗೇ ತಿಳಿಯುತ್ತದೆ. ಎರಡನೆಯ ತರಗತಿಯ ಮಗಳಿಗೆಂದು ಕಂತಿನ ಮೇಲೆ ಕೊಂಡ ಹೊಸ ಕಪಾಟನ್ನು ಯಜಮಾನ ಸಂಭ್ರಮದಿಂದ ತೋರಿಸಿದ. ಬಾಗಿಲ ಮೇಲೆ ಬಣ್ಣಬಣ್ಣದ ಗೊಂಬೆಗಳು. ತೆರೆದೊಡನೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆ, ತೇವ ಕುಡಿದು ತಳದಲ್ಲಿ ಉಬ್ಬಿತ್ತು. ಮೂರು ಕಂತು ತುಂಬುವುದರೊಳಗೆ ಕಪಾಟಿಗೆ ಮುಪ್ಪು!

ಮರುದಿನ ಬೆಳಿಗ್ಗೆ ಹುಡುಗಿ ಅಂಗಿಗಾಗಿ ಮಂಚದ ಮೇಲಿನ ರಾಶಿಯನ್ನು ಕೆದಕುತ್ತಿದ್ದಳು. ಮಡಚಿಟ್ಟ ಅಂಗಿಯೇನೋ ಕಪಾಟಿನ ಮೇಲಿನ ಹಲಗೆಯಲ್ಲಿತ್ತು; ಅವಳ ಕೈಗೆ ಅದು ನಿಲುಕದು. ‘ಎಷ್ಟು ಹೇಳಿದರೂ ಇವಳಿಗೆ ಶಿಸ್ತಿಲ್ಲ ಮಾವ’ ಎಂದು ತಾಯಿ ದೂರಿದಳು. ಶಿಸ್ತಿಲ್ಲದಿರುವುದು ಮಗುವಿಗಲ್ಲ, ಕಪಾಟು ಕೊಂಡವರಿಗೆ ಎಂದು ಹೇಳಲು ನಾನು ಹಿಂಜರಿಯಲಿಲ್ಲ. 1907ರಲ್ಲಿ ಮಾರಿಯಾ ಮಾಂಟೆಸ್ಸೊರಿ ರೋಮ್ ನಗರದ ಬಡ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆದರು; ಮುಂದೆ ಅಲ್ಲಿ ವಸ್ತುಗಳನ್ನು ಮಕ್ಕಳ ಕೈಗೆಟಕುವ ತಗ್ಗಾದ ಕಪಾಟುಗಳಲ್ಲಿಟ್ಟರು. ತಾನೇ ತೆಗೆದುಕೊಳ್ಳಬಲ್ಲ ಮಗು ತಾನೇ ತಿರುಗಿ ಇಡುತ್ತದೆ. ನಮ್ಮಲ್ಲಿ ಕಪಾಟು ಕೊಳ್ಳುವಾಗ ಮಗುವಿನ ಎತ್ತರವನ್ನು ಅಳೆದವರನ್ನು ನಾನು ಕಾಣೆ.

ಮುಚ್ಚಿದ ಕಪಾಟಾದರೂ ನಮ್ಮ ಸೀಮೆಗೆ ಒಗ್ಗುವ ವಸ್ತುವೇ? ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಪೂರ್ತಿ ಒಣಗುವುದೇ ಅಪರೂಪ. ಅರೆ ಒಣಗಿದ್ದನ್ನು ಒಳಗೆ ತುರುಕಿ ಬಾಗಿಲು ಹಾಕಿದರೆ ಬೂಷ್ಟನ್ನು ಸಾಕಿದಂತೆ. ನಮ್ಮ ಹಿರಿಯರು ಬಚ್ಚಲೊಲೆಯ ಮೇಲೆ ಬಿದಿರಿನ ಗಳ ಕಟ್ಟುತ್ತಿದ್ದುದು ಅಜ್ಞಾನದಿಂದಲ್ಲ. ಅದೂ ಅಲ್ಲದೆ, ಮಳೆಗಾಲವೆಂದರೆ ಕೊಳೆ ಔಷಧಿಗೂ ಕೊನೆಗೌಡನ ಕೂಲಿಗೂ ಹಣ ಹೊರಡುವ ಕಾಲ. ಕೊಯ್ಲಿನ ಹಣ ಇನ್ನೂ ದೂರ. ಅಂಥ ತಿಂಗಳುಗಳಲ್ಲಿ ಗೊಂಬೆಯ ಬಾಗಿಲಿಗಾಗಿ ಕಂತು!

ಬಡತನವನ್ನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ನೌಕರಿಗೆ ಸೇರಿದ ಹೊಸತರಲ್ಲಿ, ಒದ್ದೆ ಅಂಗಿ ತೊಟ್ಟು ಬಂದ ಹುಡುಗನೊಬ್ಬನನ್ನು ನಾನು ತರಗತಿಯ ಹೊರಗೆ ನಿಲ್ಲಿಸಿದ್ದೆ. ಅವನಿಗಿದ್ದದ್ದು ಅದೊಂದೇ ಎಂದು ತಿಳಿದದ್ದು ಆಮೇಲೆ. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ. ಈಗ ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಎರಡು ಜೊತೆ ಸಮವಸ್ತ್ರ ಉಚಿತ. ಇಂದಿನ ತೊಡಕು ಕೊರತೆಯದಲ್ಲ, ಹೆಚ್ಚಳದ್ದು. ಆ ಕಪಾಟಿನಲ್ಲಿದ್ದ ಫ್ರಾಕುಗಳಲ್ಲಿ ಅರ್ಧಕ್ಕರ್ಧ ಹುಡುಗಿಗೆ ಗಿಡ್ಡವಾಗಿದ್ದವು. ಮಳೆ ಹಿಡಿಯುವ ಮೊದಲು ಅವನ್ನು ತಂಗಿಯಂದಿರಿಗೋ ನೆರೆಮನೆಗೋ ದಾಟಿಸಿದರೆ ಜಾಗ ತಾನೇ ಆಗುತ್ತದೆ. ಅದಕ್ಕೆ ಕಾಸಿನ ಖರ್ಚಿಲ್ಲ.

ಉಳಿದದ್ದಕ್ಕೆ ಎಷ್ಟು ಬೇಕು? ಮಗುವಿನ ಭುಜದೆತ್ತರಕ್ಕೆ ನಾಲ್ಕು ಗೂಟ, ಗೋಡೆಗೆ ತಾಗದಂತೆ ಒಂದು ಗಳ. ಅಟ್ಟದಲ್ಲಿ ಧೂಳು ತಿನ್ನುವ ಎರಡು ಹಲಗೆಗಳನ್ನು ಇಟ್ಟಿಗೆಯ ಮೇಲಿಟ್ಟರೆ ತೆರೆದ ಅಟ್ಟಣೆ. ಒಳ ಉಡುಪಿಗೂ ಕಾಲುಚೀಲಕ್ಕೂ ಬಿಸ್ಕತ್ತಿನ ಡಬ್ಬಿ. ಹಬ್ಬದ ಬಟ್ಟೆಗೆ ಅಜ್ಜಿಯ ಟ್ರಂಕು. ಬಿಸಿಲು ಬಿದ್ದ ದಿನ ಅದರ ಬಾಯಿ ತೆರೆದಿಟ್ಟರಾಯಿತು. ಒಂದು ಭಾನುವಾರದ ಕೆಲಸ. ಮೊಳೆ ಹೊಡೆಯುವಾಗ ಮಗುವೂ ಜೊತೆಗಿರಲಿ, ಯಾವ ಗೂಟ ಯಾವುದಕ್ಕೆಂದು ಅದೇ ಹೇಳಲಿ.

ಆ ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಯಜಮಾನ ತಲೆ ಕೆರೆದುಕೊಂಡು, ‘ನೀವು ಹೇಳುವುದು ಹೌದು ಮಾವ, ಆದರೆ ಇನ್ನೂ ಒಂಬತ್ತು ಕಂತು ಬಾಕಿ ಇದೆಯಲ್ಲ’ ಎಂದ.