ಮೈಗಳ್ಳಿ ಅಂತ ಕರೆಯೋ ಮುಂಚೆ



ಪೋಸ್ಟ್ ಉದ್ದ ಇದೆ. ಒಂದೇ ಸಲಕ್ಕೆ ಬರೆದದ್ದಲ್ಲ, ಒಂಬತ್ತು ದಿನ ಹಿಡೀತು. ಮಲಗಿಕೊಂಡೇ, ಫೋನಿನಲ್ಲಿ, ದಿನಕ್ಕೊಂದು ಪ್ಯಾರಾ ಎರಡು ಪ್ಯಾರಾ. ನೀವೂ ಹಾಗೇ ನಿಲ್ಲಿಸಿ ನಿಲ್ಲಿಸಿ ಓದಿದ್ರೆ ನಂಗೇನೂ ಬೇಜಾರಿಲ್ಲ.

ಹೋದ ತಿಂಗಳು ಸ್ಮಶಾನದ ಜಾಗಕ್ಕಾಗಿ ಡೀಸಿ ಆಫೀಸ್ ಮುಂದೆ ಧರಣಿ ಇತ್ತಲ್ಲ, ಅವತ್ತು ನಾನು ಬರಲಿಲ್ಲ. ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಮ್ಮ ಬರೆದ: "ಕೆಲವರಿಗೆ ಫೇಸ್‌ಬುಕ್‌ನಲ್ಲಿ ಬರೆಯೋಕೆ ಶಕ್ತಿ ಇರುತ್ತೆ, ಬೀದಿಗೆ ಬರೋಕೆ ಮಾತ್ರ ಇರಲ್ಲ." ಹೆಸರು ಹಾಕಿರಲಿಲ್ಲ, ಹಾಕೋ ಅಗತ್ಯವೂ ಇರಲಿಲ್ಲ. ಹನ್ನೆರಡು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ರು. ಅದರಲ್ಲಿ ನಾಲ್ಕು ಜನ ನಮ್ಮನೇಲಿ ಕೂತು ಉಂಡವರು.

ಮೊದಲು ಕೋಪ ಬಂತು. ಆಮೇಲೆ ನನ್ನನ್ನೇ ಕೇಳ್ಕೊಂಡೆ: ನಾನು ಯಾವತ್ತಾದ್ರೂ ಇವರಿಗೆ ನಿಜ ಹೇಳಿದ್ದೀನಾ? ಇಲ್ಲ. ಸಭೆಗೆ ಬರದೆ ಇದ್ದಾಗಲೆಲ್ಲ "ಜ್ವರ", "ಊರಿಗೆ ಹೋಗಿದ್ದೆ", "ಕಾಲೇಜಲ್ಲಿ ಪರೀಕ್ಷೆ" ಅಂತ ಸುಳ್ಳು ಹೇಳ್ಕೊಂಡು ಬಂದೆ. ಹಸಿವು ಅಂತ ಹೇಳೋಕೆ, ಅವಮಾನ ಆಯ್ತು ಅಂತ ಹೇಳೋಕೆ ಚಳವಳಿ ನಂಗೆ ಬಾಯಿ ಕೊಡ್ತು. "ನನ್ನ ಕೈಲಿ ಆಗ್ತಿಲ್ಲ" ಅಂತ ಹೇಳೋಕೆ ಮಾತ್ರ ಬಾಯಿ ಬರಲಿಲ್ಲ. ಇವತ್ತು ಹೇಳ್ತೀನಿ.

2021ರ ಎರಡನೇ ಅಲೆ ನೆನಪಿದೆಯಲ್ಲ. ಕೇರಿ ಕೇರಿಗೆ ರೇಷನ್ ಕಿಟ್ ಹೊತ್ತು ತಿರುಗ್ತಿದ್ದಾಗ ನಂಗೂ ಕೋವಿಡ್ ಬಂತು. ಆಸ್ಪತ್ರೆ ಸೇರೋವಷ್ಟು ಇರಲಿಲ್ಲ, ಹದಿನೈದು ದಿನಕ್ಕೆ ಜ್ವರ ಬಿಡ್ತು. ಆದ್ರೆ ನಾನು ಮಾತ್ರ ವಾಪಸ್ ಬರಲಿಲ್ಲ. ಸ್ನಾನ ಮಾಡಿ ಬಂದ್ರೆ ಅರ್ಧ ಗಂಟೆ ಮಲಗಬೇಕು. ಎಂಟು ಗಂಟೆ ನಿದ್ದೆ ಮಾಡಿ ಎದ್ರೂ ರಾತ್ರಿಯೆಲ್ಲ ನಾಟಿ ಹಾಕಿದಂಗೆ ಮೈ. ನಿಂತ್ರೆ ಎದೆ ಡವಡವ, ಕಣ್ಣು ಕತ್ತಲೆ. ಪಾಠ ಮಾಡುವಾಗ ಗೊತ್ತಿರೋ ಪದವೇ ಬಾಯಿಗೆ ಬರಲ್ಲ. ರಕ್ತ ಪರೀಕ್ಷೆ ಮಾಡಿಸಿದೆ: ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12. ಎಲ್ಲಾ ನಾರ್ಮಲ್. "ಏನೂ ಇಲ್ಲಮ್ಮ, ದಿನಾ ಒಂದು ಗಂಟೆ ವಾಕ್ ಮಾಡಿ" ಅಂದ್ರು ಒಬ್ಬ ಡಾಕ್ಟ್ರು. ಮಾಡಿದೆ. ನಾಲ್ಕನೇ ದಿನ ಬಚ್ಚಲಲ್ಲಿ ಬಿದ್ದೆ.

ಎರಡು ವರ್ಷ ಅಲೆದ ಮೇಲೆ ಅದಕ್ಕೊಂದು ಹೆಸರು ಸಿಕ್ತು. ಕ್ರಾನಿಕ್ ಫಟೀಗ್ ಸಿಂಡ್ರೋಮ್. ಎಂಇ/ಸಿಎಫ್‌ಎಸ್ ಅಂತಲೂ ಬರೀತಾರೆ. ಈ ಹೆಸರಲ್ಲಿ "ಸುಸ್ತು" ಇರೋದೇ ಒಂದು ತೊಂದರೆ. ಕೇಳಿದವರೆಲ್ಲ "ನಂಗೂ ಸುಸ್ತು ಕಣಕ್ಕ" ಅಂತಾರೆ. ದುಡಿದು ಬಂದ ಸುಸ್ತು ಒಂದು ರಾತ್ರಿ ನಿದ್ದೆಗೆ ಇಳಿಯುತ್ತೆ, ಇದು ಇಳಿಯಲ್ಲ. ಇದರ ಮುಖ್ಯ ಲಕ್ಷಣ, ಮೈಗೋ ಬುದ್ಧಿಗೋ ಸ್ವಲ್ಪ ಶ್ರಮ ಜಾಸ್ತಿ ಆದ್ರೆ ಆಮೇಲೆ ಪೂರ್ತಿ ಕುಸಿದು ಹೋಗೋದು. ಅದೂ ಆಗಿಂದಾಗ್ಲೇ ಅಲ್ಲ, ಎಷ್ಟೋ ಸಲ ಒಂದೆರಡು ದಿನ ಬಿಟ್ಟು. ಅದಕ್ಕೇ ಯಾರಿಗೂ ಕಾಣಲ್ಲ. ಮಾರ್ಚಿನ ಮೆರವಣಿಗೆಯಲ್ಲಿ ನಾನು ಮೈಕ್ ಹಿಡಿದು ಘೋಷಣೆ ಕೂಗೋ ಫೋಟೋ ಎಲ್ಲರ ಹತ್ರ ಇದೆ. ಅದಾದ ಮೇಲೆ ಕಿಟಕಿಗೆ ಸೀರೆ ಕಟ್ಟಿ, ಕತ್ತಲೆಯಲ್ಲಿ, ಹನ್ನೊಂದು ದಿನ ಬಿದ್ದಿದ್ದ ಫೋಟೋ ಯಾರ ಹತ್ರವೂ ಇಲ್ಲ.

ಇದು ಮನಸ್ಸಿನ ಭ್ರಮೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ನರಸಂಬಂಧಿ ಕಾಯಿಲೆಗಳ ಪಟ್ಟಿಗೆ ಸೇರಿಸಿ ದಶಕಗಳೇ ಆದವು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದು ಇಡೀ ದೇಹವನ್ನ ಹಿಡಿಯೋ ಗಂಭೀರ ಕಾಯಿಲೆ ಅಂತ ವರದಿ ಕೊಡ್ತು. ದಿನದಿಂದ ದಿನಕ್ಕೆ ವ್ಯಾಯಾಮ ಹೆಚ್ಚಿಸ್ತಾ ಹೋಗಿ ಅನ್ನೋ ಹಳೇ ಚಿಕಿತ್ಸೆಯನ್ನ ಇದಕ್ಕೆ ಕೊಡಬೇಡಿ ಅಂತ 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯೇ ಹೇಳ್ತು. ಇದನ್ನ ಹಿಡಿಯೋ ಒಂದು ರಕ್ತ ಪರೀಕ್ಷೆ ಇಲ್ಲ, ವಾಸಿ ಮಾಡೋ ಔಷಧಿಯೂ ಇಲ್ಲ. ಇರೋದು ಒಂದೇ ದಾರಿ, ಮೈಯಲ್ಲಿ ಎಷ್ಟಿದೆಯೋ ಅಷ್ಟರೊಳಗೇ ಖರ್ಚು ಮಾಡೋದು. ಸುಸ್ತಾಗೋ ಮುಂಚೆಯೇ ನಿಲ್ಲಿಸೋದು.

ಇಲ್ಲಿಗೆ ಮುಗೀಲಿಲ್ಲ. ನಡುವೆ ಒಬ್ಬರು "ಇದೆಲ್ಲ ಡಿಪ್ರೆಷನ್" ಅಂತ ಮಾನಸಿಕ ತಜ್ಞರ ಹತ್ರ ಕಳಿಸಿದ್ರು. ಆ ಮೇಡಂ ಒಂದು ಪ್ರಶ್ನೆ ಕೇಳಿದ್ರು: "ನಾಳೆ ಬೆಳಿಗ್ಗೆ ಈ ಸುಸ್ತೆಲ್ಲ ಹೋದ್ರೆ ಏನ್ ಮಾಡ್ತೀರಿ?" ನಾನು ಶುರು ಮಾಡ್ದೆ. ಹಾಸ್ಟೆಲ್ ಹುಡುಗಿಯರ ಸಮಸ್ಯೆ, ಸ್ಮಶಾನದ ಕೇಸು, ಅರ್ಧಕ್ಕೆ ನಿಂತ ಪಿಎಚ್‌ಡಿ, ಅವ್ವನ ಹಾಡು ರೆಕಾರ್ಡ್ ಮಾಡೋದು, ಮಧ್ಯದಲ್ಲಿ ಅವರ ಗೋಡೆ ಮೇಲಿದ್ದ ಚಿತ್ರದ ಬಗ್ಗೆ ಒಂದು ಮಾತು, ಮತ್ತೆ ಹಾಸ್ಟೆಲ್. ಅವರು ಕೇಳಿ ನಕ್ಕು, "ಬದುಕೋಕೆ ಇಷ್ಟು ಆಸೆ ಇರೋರಿಗೆ ಇದು ಡಿಪ್ರೆಷನ್ ಥರ ಕಾಣಲ್ಲ. ಆದ್ರೆ ನೀವು ಚಿಕ್ಕವರಿದ್ದಾಗ ಶಾಲೇಲಿ ಹೇಗಿದ್ರಿ, ಹೇಳಿ" ಅಂದ್ರು. ಮೂರು ಭೇಟಿ ಆದ ಮೇಲೆ ಇನ್ನೊಂದು ಹೆಸರು ಸಿಕ್ತು: ಎಡಿಎಚ್‌ಡಿ. ಮೂವತ್ತಾರನೇ ವಯಸ್ಸಿಗೆ.

ಶಾಲೇಲಿ ನಾನು ಹೇಗಿದ್ದೆ? ಕೂತಲ್ಲಿ ಕೂರ್ತಿರಲಿಲ್ಲ. ಲೆಕ್ಕದ ಪುಸ್ತಕ ಮರೆತು ಬರ್ತಿದ್ದೆ. ಇಷ್ಟವಾದ ಪಾಠ ಇಡೀ ಬಾಯಿಪಾಠ, ಬೇಡದ್ದು ಒಂದು ಸಾಲೂ ಇಲ್ಲ. ಮೇಷ್ಟ್ರು ಅದಕ್ಕೆ ಕೊಟ್ಟ ಕಾರಣ ಒಂದೇ: "ನಿಮ್ಮೋರಿಗೆ ಓದು ಹತ್ತಲ್ಲ ಕಣೇ." ಮೇಲ್ಜಾತಿ ಮನೆಯ ಮಗು ಹಾಗಿದ್ರೆ "ಚೂಟಿ, ಗಮನ ಕಮ್ಮಿ ಅಷ್ಟೆ" ಅಂತಿದ್ರು. ನನ್ನ ವಿಷಯದಲ್ಲಿ ಜಾತಿಯೇ ರೋಗ ಅಂತ ಅವತ್ತೇ ತೀರ್ಮಾನ ಆಗಿತ್ತು. ಬೇರೆ ಕಾರಣ ಹುಡುಕೋ ತೊಂದರೆ ಯಾರೂ ತಗೊಳ್ಳಲಿಲ್ಲ.

ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಈ ಎರಡೂ ಒಂದೇ ಮೈಯಲ್ಲಿದ್ರೆ ಹಾಗೇ. ಒಂದು ಓಡು ಅನ್ನುತ್ತೆ, ಇನ್ನೊಂದು ಓಡಿದ್ದಕ್ಕೆ ದಂಡ ಹಾಕುತ್ತೆ. ಸುಸ್ತಿನ ಕಾಯಿಲೆಗೆ ಬೇಕಾಗಿರೋದು ಲೆಕ್ಕ: ಎಷ್ಟು ಹೊತ್ತು ಕೂತೆ, ಎಷ್ಟು ಹೆಜ್ಜೆ ನಡೆದೆ, ಯಾವಾಗ ನಿಲ್ಲಿಸಬೇಕು. ಎಡಿಎಚ್‌ಡಿಗೆ ಬಾರದೇ ಇರೋದೇ ಆ ಲೆಕ್ಕ. ಒಂದು ಅರ್ಜಿ ಬರೆಯೋಕೆ ಕೂತ್ರೆ ಇಪ್ಪತ್ತು ನಿಮಿಷ ಆಯ್ತೋ ಮೂರು ಗಂಟೆ ಆಯ್ತೋ ನಂಗೆ ಗೊತ್ತೇ ಆಗಲ್ಲ. ಅಲಾರಂ ಇಟ್ರೆ ಆಫ್ ಮಾಡಿ ಮುಂದುವರೀತೀನಿ. ಎಡಿಎಚ್‌ಡಿ ಇರೋರಿಗೆ ಚೆನ್ನಾಗಿ ವ್ಯಾಯಾಮ ಮಾಡಿ ಅಂತಾರೆ, ನಂಗೆ ಅದೇ ವಿಷ. ಅದರ ಔಷಧಿ ಮಿಥೈಲ್‌ಫೆನಿಡೇಟ್ ಎನ್‌ಡಿಪಿಎಸ್ ಕಾಯ್ದೆಯಡಿ ಬರೋದ್ರಿಂದ ಎಲ್ಲಾ ಮೆಡಿಕಲ್ ಸ್ಟೋರಲ್ಲೂ ಸಿಗಲ್ಲ, ಹುಡುಕಿಕೊಂಡು ಅಲೀಬೇಕು. ತಗೊಂಡ ದಿನ ತಲೆ ತಿಳಿಯಾಗುತ್ತೆ, ಸುಸ್ತು ಮರೆತು ಹೋಗುತ್ತೆ. ಮರೆತು ಹೋಗುತ್ತೆ ಅಷ್ಟೆ, ಇಲ್ಲದೆ ಹೋಗಲ್ಲ. ಸಾಲ ತಂದು ಮದುವೆ ಮಾಡಿದಂಗೆ, ಬಡ್ಡಿ ಆಮೇಲೆ ಕಟ್ಟಬೇಕು. ಅದಕ್ಕೇ ಡಾಕ್ಟ್ರ ಹತ್ರ ಮಾತಾಡಿ ಕಮ್ಮಿ ಡೋಸಿನಲ್ಲಿ, ಹುಷಾರಾಗಿ ತಗೊಳ್ತೀನಿ.

ಈಗ ಅಸಲು ಮಾತಿಗೆ ಬರ್ತೀನಿ.

ನಮ್ಮೂರಲ್ಲಿ ನನ್ನ ಚಿಕ್ಕವ್ವ ಒಬ್ಬಳಿದ್ಲು. ಯಾವುದೋ ಜ್ವರ ಬಂದು ಬಿಟ್ಟ ಮೇಲೆ ಮೊದಲಿನಂಗೆ ಕೂಲಿಗೆ ಹೋಗೋಕೆ ಅವಳ ಕೈಲಿ ಆಗಲಿಲ್ಲ. ಎರಡು ದಿನ ಹೋದ್ರೆ ನಾಲ್ಕು ದಿನ ಮಲಗ್ತಿದ್ಲು. ಜಮೀನಿನವರು ಅವಳನ್ನ "ಮೈಗಳ್ಳಿ" ಅಂತಿದ್ರು. ಕೇಳಿ ಕೇಳಿ ನಮ್ಮ ಮನೆಯವರೂ ಹಾಗೇ ಅಂದ್ರು. ಹತ್ತು ವರ್ಷದ ನಾನೂ ಅಂದಿದ್ದೀನಿ. ಅವಳಿಗಿದ್ದದ್ದು ನನ್ನ ಕಾಯಿಲೆಯೇ ಅಂತ ನಾನು ಹೇಳ್ತಿಲ್ಲ. ಯಾರೂ ಅವಳನ್ನ ಆಸ್ಪತ್ರೆಗೇ ಕರ್ಕೊಂಡು ಹೋಗಲಿಲ್ಲ, ಗೊತ್ತಾಗೋದು ಹೇಗೆ?

ಆ ಪದವನ್ನ ಬಿಡಿಸಿ ನೋಡಿ. ಮೈಗಳ್ಳಿ. ಮೈಯನ್ನ ಕದ್ದವಳು. ಯಾರಿಂದ ಕದ್ದಳು? ಮೈ ಅವಳದೇ ಅಲ್ವಾ? ಅವಳ ಮೈ ಜಮೀನಿನವರ ಸ್ವತ್ತು ಅಂತ ಮೊದಲೇ ಒಪ್ಪಿಕೊಂಡಿದ್ರೆ ಮಾತ್ರ ಅವಳು ಮಲಗಿದ್ದು ಕಳ್ಳತನ ಆಗುತ್ತೆ. ನಮ್ಮ ತಾತ ಜೀತಕ್ಕಿದ್ದವರು. ಜೀತ ರದ್ದಾಗಿ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂತು, ಪದ ಮಾತ್ರ ನಮ್ಮ ಬಾಯಲ್ಲೇ ಉಳೀತು. ಮೀಸಲಾತಿಯಲ್ಲಿ ಬಂದವರು ಸೋಮಾರಿಗಳು ಅನ್ನೋರಿಗೆ ಉತ್ತರ ಕೊಡೋಕೆ ನಾವು ಎರಡರಷ್ಟು ದುಡಿದು ತೋರಿಸ್ತೀವಿ. ನಾನೂ ತೋರಿಸ್ದೆ, ಮೈ ಮುರಿಯೋವರೆಗೂ. ಈಗ ನಮ್ಮವನೇ ಒಬ್ಬ ತಮ್ಮ ಅದೇ ಪದವನ್ನ ವಾಟ್ಸಾಪಿಗೆ ತಕ್ಕಂಗೆ ಬದಲಾಯಿಸಿ ಬರೀತಾನೆ.

"ಅಕ್ಕಾ, ನಮ್ಮ ಜನ ಮ್ಯಾನ್‌ಹೋಲಲ್ಲಿ ಸಾಯ್ತಿರುವಾಗ ಇದೆಲ್ಲ ಉಳ್ಳವರ ಕಾಯಿಲೆ ಅಲ್ವಾ?" ಅಂತ ಯಾರಾದ್ರೂ ಕೇಳಬಹುದು. ಈ ಪ್ರಶ್ನೆಯನ್ನ ನಾನೇ ನನಗೆ ಸಾವಿರ ಸಲ ಕೇಳ್ಕೊಂಡಿದ್ದೀನಿ. ಕಾಯಿಲೆ ಉಳ್ಳವರದ್ದಲ್ಲ, ಅದಕ್ಕೆ ಹೆಸರು ಸಿಗೋದು ಉಳ್ಳವರಿಗೆ. ನಂಗೆ ಹೆಸರು ಸಿಕ್ಕಿದ್ದು ಇಂಗ್ಲಿಷ್ ಓದೋಕೆ ಬರ್ತಿತ್ತು, ಸಿಟಿಯಲ್ಲಿದ್ದೆ, ಗೆಳತಿಯೊಬ್ಬಳು ದುಡ್ಡು ಕೊಟ್ಲು ಅನ್ನೋ ಕಾರಣಕ್ಕೆ. ಚಿಕ್ಕವ್ವನಿಗೆ ಸಿಕ್ಕಿದ್ದು ಬೈಗುಳ. ಹೆಸರು ಸಿಕ್ಕಿದ ಮೇಲೂ ಏನಾಯ್ತು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಆಟಿಸಂ ಇದೆ. ನನ್ನ ಎರಡರಲ್ಲಿ ಒಂದರ ಹೆಸರೂ ಇಲ್ಲ. ಬೇರೆ ಬಗೆಗಳನ್ನ ಕೇಂದ್ರ ಸರ್ಕಾರ ಸೇರಿಸಬಹುದು ಅಂತ ಅದೇ ಪಟ್ಟಿಯ ಕೊನೆಯಲ್ಲಿದೆ. ಹಾಗಾದ್ರೆ ಅದಕ್ಕೆ ಒತ್ತಾಯ ಮಾಡೋರು ಯಾರು? ನಾನು ಗಂಟೆ ಲೆಕ್ಕದಲ್ಲಿ ಪಾಠ ಮಾಡೋಳು. ಮಲಗಿದ ಗಂಟೆಗೆ ಸಂಬಳ ಇಲ್ಲ.

ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನ್ನ ಬಾಯಿ ಮುಚ್ಚಿಸೋಕೆ ಅವರ ಹೆಸರನ್ನೇ ತರ್ತಾರೆ. "ದಿನಕ್ಕೆ ಹದಿನೆಂಟು ಗಂಟೆ ಓದಿದ್ರು, ನಿದ್ದೆಗೆಟ್ಟು ದುಡಿದ್ರು." ಹೌದು, ದುಡಿದ್ರು. ಆದ್ರೆ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲು ನೋವಿತ್ತು, ಕೊನೆಯ ವರ್ಷಗಳಲ್ಲಿ ಕಣ್ಣೂ ಮಂದವಾಗಿತ್ತು. 1954ರಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ರು. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನಕ್ಕೆ ದೀಕ್ಷೆ ಕೊಟ್ಟವರು ಎರಡು ತಿಂಗಳೊಳಗೆ ನಮ್ಮನ್ನ ಬಿಟ್ಟು ಹೋದ್ರು. ಅವರ ಊಟ, ಔಷಧಿ ನೋಡಿಕೊಂಡ ಮಾಯಿ ಸವಿತಾ ಅವರ ಮೇಲೇ ಅನುಮಾನಪಟ್ಟ ಚರಿತ್ರೆ ನಮ್ಮದು. ಕಾಯಿಲೆಯ ಬಾಬಾಸಾಹೇಬರನ್ನ ನಾವು ಒಂದು ಫೋಟೋದಲ್ಲೂ ಇಟ್ಟುಕೊಂಡಿಲ್ಲ.

ಅದೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಇಲಾಖೆ ನೋಡಿಕೊಂಡವರು. ಕಾರ್ಖಾನೆ ಕೆಲಸವನ್ನ ವಾರಕ್ಕೆ 48 ಗಂಟೆಗೆ ಇಳಿಸಿದ ತಿದ್ದುಪಡಿಯ ಹಿಂದೆ ಇದ್ದವರು. ದುಡಿಯೋನ ಮೈಗೆ ಒಂದು ಮಿತಿ ಇದೆ, ಆ ಮಿತಿ ಧಣಿಯ ದಯೆ ಅಲ್ಲ, ಕಾನೂನು ಆಗಬೇಕು ಅನ್ನೋದು ಆ ಕೆಲಸದ ಅರ್ಥ. ಈಗ ನಮ್ಮ ರಾಜ್ಯದಲ್ಲೇ ದಿನಕ್ಕೆ 12 ಗಂಟೆ ದುಡಿಸೋಕೆ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ವಾರಕ್ಕೆ 70 ಗಂಟೆ ದುಡೀರಿ ಅಂತ ದೊಡ್ಡವರು ಉಪದೇಶ ಮಾಡ್ತಾರೆ. ಅದನ್ನ ನಾವು ಬೀದಿಯಲ್ಲಿ ವಿರೋಧಿಸ್ತೀವಿ. ನಮ್ಮ ಸಂಘಟನೆಯೊಳಗೆ ಮಾತ್ರ ಮೈಗೆ ಮಿತಿಯೇ ಇಲ್ಲ.

ಹಾಗಾಗಿ ಕೆಲವು ಬೇಡಿಕೆ, ಸರ್ಕಾರಕ್ಕಲ್ಲ, ನಮಗೆ.

ಆರು ಗಂಟೆಗೆ ಅಂತ ಕರೆದ ಸಭೆ ಆರಕ್ಕೇ ಶುರುವಾಗಲಿ. ಒಂಬತ್ತಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯೋ ಸಭೆಗೆ ನಾನಷ್ಟೇ ಅಲ್ಲ, ಮಗು ಇರೋ ತಾಯಿ, ಬೆಳಿಗ್ಗೆ ಐದಕ್ಕೆ ಕಸ ಗುಡಿಸೋಕೆ ಹೋಗೋ ಪೌರಕಾರ್ಮಿಕ ಅಕ್ಕ, ಯಾರೂ ಬರೋಕಾಗಲ್ಲ.

ಧರಣಿಯಲ್ಲಿ ನಾಲ್ಕು ಕುರ್ಚಿ, ಒಂದಿಷ್ಟು ನೆರಳು ಇರಲಿ. ಕೂತವರನ್ನ ಯಾರೂ ಎಬ್ಬಿಸಬೇಡಿ.

ಬೀದಿಗೆ ಬಂದದ್ದನ್ನ ಮಾತ್ರ ಹೋರಾಟ ಅಂತ ಎಣಿಸಬೇಡಿ. ಆರ್‌ಟಿಐ ಹಾಕಿದ್ದು, ಕರಪತ್ರ ಬರೆದದ್ದು, ಕೇಸಿನ ಫೈಲ್ ಜೋಡಿಸಿದ್ದು, ಫೋನಿನಲ್ಲಿ ಹತ್ತು ಜನಕ್ಕೆ ಧೈರ್ಯ ಹೇಳಿದ್ದು, ಅದೂ ಎಣಿಕೆಗೆ ಬರಲಿ.

ಯಾರಾದ್ರೂ ಕಾಣೆಯಾದ್ರೆ ಮೊದಲು ಫೋನ್ ಮಾಡಿ. ಗುಂಪಿನಲ್ಲಿ ಬರೆಯೋದು ಆಮೇಲೆ.

ಇನ್ನೊಂದು. ನಿಮ್ಮನೇಲಿ ಯಾರಾದ್ರೂ ತಿಂಗಳುಗಟ್ಟಲೆ ಸುಸ್ತು ಅಂತಿದ್ರೆ ಬೈಯಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮೊದಲು ರಕ್ತಹೀನತೆ, ಟಿಬಿ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯೇ ಎಷ್ಟೋ ಸಲ ಕಾರಣ ಆಗಿರುತ್ತೆ, ಅದಕ್ಕೆ ಔಷಧಿ ಇದೆ. ಎಲ್ಲಾ ನಾರ್ಮಲ್ ಬಂದು, ಆದ್ರೂ ದುಡಿದ ಮಾರನೇ ದಿನ ಕುಸೀತಿದ್ರೆ, "ಏನೂ ಇಲ್ಲ" ಅನ್ನೋ ಮಾತಿಗೆ ನಿಲ್ಲಬೇಡಿ. ಇನ್ನೊಬ್ಬರ ಹತ್ರ ಹೋಗಿ. ಹಾಗೇ ಕೇರಿಯ ಯಾವ ಮಗುವನ್ನಾದ್ರೂ ಮೇಷ್ಟ್ರು "ತಲೆಗೆ ಹತ್ತಲ್ಲ" ಅಂದ್ರೆ, ಒಂದು ಸಲ ತೋರಿಸಿ.

ಅವ್ವನಿಗೀಗ ಅರವತ್ತೇಳು. ಮೊದಲು ದೃಷ್ಟಿ ತೆಗೆದ್ಲು, ಆಮೇಲೆ ಅತ್ಲು. ಈಗ ನನ್ನ ಅಲಾರಂ ಅವಳೇ. ನಾನು ಬರೀತಾ ಕೂತು ಹೊತ್ತು ಮರೆತ್ರೆ ಬಂದು ಫೋನ್ ಕಿತ್ಕೊಂಡು, "ಸಾಕು, ಮಲಗು" ಅಂತಾಳೆ. ಅವಳ ಜೀವಮಾನದಲ್ಲಿ ಅವಳಿಗೆ ಯಾರೂ ಹೇಳದೇ ಇದ್ದ ಮಾತು ಅದು. ಮೊನ್ನೆ ನಾನೇ ಅವಳಿಗೆ ಹೇಳ್ದೆ, "ನೀನೂ ಬಾ, ಮಲಗು." ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಒಂದೇ ಚಾಪೆ ಮೇಲೆ ಮಲಗಿದ್ವಿ. "ಯಾರಾದ್ರೂ ನೋಡಿದ್ರೆ ಏನಂತಾರೆ" ಅಂತ ಎರಡು ಸಲ ಎದ್ದು ಬಾಗಿಲು ನೋಡಿ ಬಂದ್ಲು.

ತಮ್ಮ, ನಿನ್ನ ಕ್ಷಮೆ ನಂಗೆ ಬೇಡ. ಸ್ಮಶಾನದ ಜಾಗದ ಸರ್ವೆ ನಂಬರ್, ಹಳೇ ಪಹಣಿ, ತಹಸೀಲ್ದಾರರಿಗೆ ಕೊಟ್ಟ ಮೂರು ಅರ್ಜಿಯ ನಕಲು, ಎಲ್ಲಾ ನನ್ನ ಹತ್ರ ಜೋಡಿಸಿಟ್ಟಿದ್ದೀನಿ. ಧರಣಿಯ ಹಿಂದಿನ ವಾರ ಮಲಗಿಕೊಂಡೇ ಮಾಡಿದ ಕೆಲಸ ಅದು. ಅದಕ್ಕೇ ಅವತ್ತು ಬರೋಕಾಗಲಿಲ್ಲ. ಭಾನುವಾರ ಹತ್ತು ಗಂಟೆಗೆ ಮನೆಗೆ ಬಾ, ಫೈಲ್ ತಗೊಂಡು ಹೋಗು. ಒಂದು ಗಂಟೆ ಮಾತಾಡೋಣ. ಒಂದು ಗಂಟೆ ಆಗುತ್ತಲೇ ಅವ್ವ ನಿನ್ನನ್ನ ಎಬ್ಬಿಸಿ ಕಳಿಸ್ತಾಳೆ, ಬೇಜಾರು ಮಾಡ್ಕೋಬೇಡ.

ಜೈಭೀಮ್.