ಸಣ್ಣ ಸಂಘಕ್ಕೂ ಅನುದಾನ ತಲುಪಲಿ

ಕೊಡುವವರು ರೂಢಿ ಬದಲಿಸಲಿ, ಪಡೆಯುವವರು ಕಡತ ಸರಿಪಡಿಸಿಕೊಳ್ಳಲಿ

ಕರ್ನಾಟಕದ ಹಳ್ಳಿ ಪೇಟೆಗಳಲ್ಲಿ ವಾಚನಾಲಯ ನಡೆಸುವ, ಕೆರೆಯ ಹೂಳಿನ ಬಗ್ಗೆ ಎಚ್ಚರ ವಹಿಸುವ, ಅಂಗವಿಕಲ ಮಕ್ಕಳಿಗೆ ಪಾಠ ಹೇಳುವ, ಬಯಲಾಟದ ಮೇಳವನ್ನು ಉಳಿಸಿಕೊಂಡು ಬಂದಿರುವ ಸಂಘಗಳು ಅನೇಕ ಇವೆ. ಸದಸ್ಯರ ವಂತಿಗೆ ಮತ್ತು ಊರವರ ದೇಣಿಗೆಯ ಮೇಲೆಯೇ ನಿಂತಿರುವ ಇವುಗಳಿಗೆ ಅನುದಾನವೆಂಬುದು ದೊಡ್ಡ ಸಂಸ್ಥೆಗಳಿಗೆ ಮೀಸಲಾದ ಸಂಗತಿಯೆಂದೇ ತೋರುತ್ತದೆ. ಹಿಂತಿರುಗಿಸಬೇಕಿಲ್ಲದ, ಆದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಿ ಲೆಕ್ಕ ಒಪ್ಪಿಸಬೇಕಾದ ಹಣವನ್ನು ಅನುದಾನ ಎನ್ನುತ್ತಾರೆ. ಇಂಥ ಹಣ ಸಣ್ಣ ಸಂಘವನ್ನು ತಲುಪದಿರಲು ಕಾನೂನೇ ಅಡ್ಡಿ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನನ್ನು ಬಿಡಿಸಿ ನೋಡಿದರೆ ಅಡ್ಡಿಯ ದೊಡ್ಡ ಪಾಲು ಹಣ ಕೊಡುವವರ ರೂಢಿಯಲ್ಲಿಯೂ ಸಂಘಗಳ ಕಡತದಲ್ಲಿಯೂ ಇರುವುದು ಕಾಣುತ್ತದೆ. ಎರಡನ್ನೂ ಸರಿಪಡಿಸಲು ಹೊಸ ಕಾಯ್ದೆಯ ಅಗತ್ಯವಿಲ್ಲ ಎಂಬುದು ಈ ಕರಪತ್ರದ ವಾದ.

ಕಾನೂನು ಹೇಳುವುದೇನು

2013ರ ಕಂಪನಿಗಳ ಕಾಯ್ದೆಯ 135ನೇ ಕಲಮಿನ ಪ್ರಕಾರ, ಹಿಂದಿನ ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದು ಮಿತಿಯನ್ನು ಮುಟ್ಟಿದ ಕಂಪನಿಯು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಸಿಎಸ್‌ಆರ್ ಎಂದು ಎಲ್ಲರೂ ಕರೆಯುವ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ ಇದೇ. ಹಸಿವು ನಿವಾರಣೆ, ಶಿಕ್ಷಣ, ಪರಿಸರ, ಕಲೆ ಮತ್ತು ಪರಂಪರೆಯ ರಕ್ಷಣೆ, ಗ್ರಾಮೀಣಾಭಿವೃದ್ಧಿ ಮೊದಲಾದ ಕ್ಷೇತ್ರಗಳನ್ನು ಕಾಯ್ದೆಯ ಏಳನೇ ಅನುಸೂಚಿ ಪಟ್ಟಿ ಮಾಡಿರುವುದರಿಂದ, ಊರಿನ ಸಂಘಗಳ ಕೆಲಸಗಳಲ್ಲಿ ಬಹಳಷ್ಟು ಅದರ ವ್ಯಾಪ್ತಿಗೆ ಬರುತ್ತವೆ.

ಕಂಪನಿಯು ತಾನು ಕೆಲಸ ನಡೆಸುವ ಸ್ಥಳಕ್ಕೆ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಅದೇ ಕಲಮು ಹೇಳುತ್ತದೆ. ಕಾರ್ಖಾನೆಯ ಪಕ್ಕದ ಊರಿಗೆ ನ್ಯಾಯ ಸಿಗಲೆಂಬ ಈ ಮಾತು ಒಳ್ಳೆಯದೇ ಆದರೂ, ಕಂಪನಿಗಳೆಲ್ಲ ಬೆಂಗಳೂರಿನಂಥ ನಗರದ ಸುತ್ತ ನೆರೆದಿರುವಾಗ ಕಲ್ಯಾಣ ಕರ್ನಾಟಕದ ಅಥವಾ ಮಲೆನಾಡಿನ ಸಂಘಕ್ಕೆ ಹತ್ತಿರದಲ್ಲಿ ಕೇಳಲು ಯಾರೂ ಇಲ್ಲದಂತಾಗುತ್ತದೆ. ಆದ್ಯತೆ ಎಂದರೆ ನಿಷೇಧವಲ್ಲ; ದೂರದ ತಾಲ್ಲೂಕಿಗೆ ಹಣ ಕಳಿಸುವುದನ್ನು ಕಾಯ್ದೆ ತಡೆದಿಲ್ಲ.

ವಿದೇಶಿ ದೇಣಿಗೆಯ ದಾರಿ ಮಾತ್ರ ನಿಜವಾಗಿಯೂ ಕಿರಿದಾಗಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ನೆರವು ಪಡೆಯುತ್ತಿದ್ದ ಸಣ್ಣ ಸಂಘಗಳಿಗೆ ಆ ಆಸರೆ ತಪ್ಪಿರುವುದರಿಂದ, ದೇಶದೊಳಗಿನ ಹಣದ ಮೂಲಗಳು ಅವುಗಳಿಗೆ ತೆರೆದುಕೊಳ್ಳುವುದು ಈಗ ಹೆಚ್ಚು ತುರ್ತಿನ ವಿಷಯ.

ದುಡಿಯುವವರ ಸಂಬಳವೂ ಕೆಲಸದ ವೆಚ್ಚವೇ

ಕಟ್ಟಡಕ್ಕೆ, ಕಂಪ್ಯೂಟರಿಗೆ, ಶಾಲಾ ಚೀಲಕ್ಕೆ ಹಣ ಸಿಗುತ್ತದೆ, ಪಾಠ ಹೇಳುವವರ ಸಂಬಳಕ್ಕೆ ಸಿಗುವುದಿಲ್ಲ ಎಂಬುದು ಸಂಘಗಳ ಹಳೆಯ ಅಳಲು. ಇದಕ್ಕೆ ಕೊಡುವವರು ಮುಂದಿಡುವ ಕಾರಣ ಆಡಳಿತ ವೆಚ್ಚದ ಮೇಲಿನ ಶೇ. 5ರ ಮಿತಿ. ಆದರೆ 2021ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಈ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವ್ಯವಸ್ಥೆಯ ಸಾಮಾನ್ಯ ನಿರ್ವಹಣೆಗೆ ಮಾಡುವ ಖರ್ಚಿನ ಮೇಲೆ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ಜಾರಿಗೆ ತರಲು, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಮಾಡಲು ನೇರವಾಗಿ ತಗಲುವ ವೆಚ್ಚವನ್ನು ಆ ಮಿತಿಯಿಂದ ಹೊರಗಿಡಲಾಗಿದೆ. ಹಾಗಾಗಿ ಮಕ್ಕಳಿಗೆ ಪಾಠ ಹೇಳುವ ಕಾರ್ಯಕರ್ತೆಯ ಸಂಬಳವನ್ನು ಯೋಜನೆಯ ವೆಚ್ಚದಲ್ಲಿ ಸೇರಿಸಲು ಶೇ. 5ರ ಮಾತು ಅಡ್ಡಬರುವುದಿಲ್ಲ.

ಒಂದೇ ವರ್ಷದ ಅನುದಾನವೂ ಹೀಗೆಯೇ ರೂಢಿಯಿಂದ ಬಂದದ್ದು. ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷಗಳವರೆಗೆ ಮುಂದುವರಿಯುವ ಯೋಜನೆಗಳಿಗೆ ನಿಯಮಗಳಲ್ಲೇ ಅವಕಾಶವಿದ್ದು, ಅಂಥ ಯೋಜನೆಯ ಉಳಿಕೆ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಮುಂದೆ ಬಳಸಬಹುದು. ಮಾರ್ಚ್ ಮುಗಿಯುವ ಮೊದಲು ಖರ್ಚು ತೋರಿಸಬೇಕೆಂಬ ಅವಸರದಲ್ಲಿ ಸಾಮಾನು ಹಂಚುವ ಬದಲು, ಓದು ಕಲಿಯುವ ಮಗುವಿಗೆ ಬೇಕಾದಷ್ಟು ಕಾಲ ಅನುದಾನವನ್ನೂ ಚಾಚಬಹುದು.

ಕರ್ನಾಟಕವೇ ಕಂಡ ನಿದರ್ಶನ

ಜನರ ಸಂಘಟನೆಗೆ ಕೊಟ್ಟ ಹಣ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಸಾಕ್ಷಿ ಈ ನೆಲದಲ್ಲಿಯೇ ಇದೆ. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಿಂದ, ದೊಡ್ಡ ಸಹಕಾರ ಸಂಘಗಳು ಒಡೆದು ಹುಟ್ಟಿದ ಸಣ್ಣ ಗುಂಪುಗಳ ಜೊತೆ ಕೆಲಸ ಮಾಡುತ್ತಿತ್ತು. ಪರಸ್ಪರ ನಂಬಿಕೆಯ ಮೇಲೆ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಡುತ್ತಿದ್ದ ಆ ಗುಂಪುಗಳಿಗೆಂದು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಅನುದಾನ ನೀಡಿತು. ಅಲ್ಲಿ ಸಿಕ್ಕಿದ ಅನುಭವದ ಬಲದಿಂದ, 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ನಬಾರ್ಡ್ ದೇಶದಲ್ಲಿ ಆರಂಭಿಸಿತು. ಇಂದು ಹಳ್ಳಿಹಳ್ಳಿಯಲ್ಲಿ ಕಾಣುವ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು ಆ ಅನುದಾನ. ಒಂದು ಸಾಧಾರಣ ಕಟ್ಟಡಕ್ಕೆ ಖರ್ಚಾಗಿಬಿಡಬಹುದಾಗಿದ್ದ ಮೊತ್ತ, ಜನ ಕೂಡಿ ಕುಳಿತು ಲೆಕ್ಕ ಬರೆಯುವ ಅಭ್ಯಾಸಕ್ಕೆ ಸಂದದ್ದರಿಂದ ಅಷ್ಟು ಫಲ ಕೊಟ್ಟಿತು.

ಸಂಘಗಳ ಹೊಣೆ

ಕೊಡುವವರನ್ನು ಪ್ರಶ್ನಿಸುವ ಸಂಘ ತನ್ನ ಕಡತವನ್ನೂ ತೆರೆದಿಡಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಆದರೆ ಪ್ರತಿವರ್ಷ ಮಹಾಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸುವ ಕರ್ತವ್ಯ ಅಲ್ಲಿಂದಲೇ ಶುರುವಾಗುತ್ತದೆ. ಉತ್ಸಾಹದಿಂದ ಹುಟ್ಟಿದ ಸಂಘವೊಂದು ನಾಲ್ಕಾರು ವರ್ಷ ಇದನ್ನು ಮರೆತರೆ, ಅರ್ಜಿ ಹಾಕುವ ದಿನ ಅದರ ಕೈ ಖಾಲಿಯಾಗಿರುತ್ತದೆ.

ಕಂಪನಿಯ ಹಣ ಪಡೆಯಲು ಇನ್ನೂ ಕೆಲವು ಮೆಟ್ಟಿಲುಗಳಿವೆ. 1961ರ ಆದಾಯ ತೆರಿಗೆ ಕಾಯ್ದೆಯ ಭಾಷೆಯಲ್ಲಿ 12ಎ ಎಂದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ತರುವ ನೋಂದಣಿ. 80ಜಿ ಎಂದರೆ ದಾನಿಗೆ ವಿನಾಯಿತಿ ತರುವ ಮನ್ನಣೆ. ಇವೆರಡರ ಜೊತೆಗೆ, ಕೈಗೊಳ್ಳಲಿರುವ ಯೋಜನೆಯಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವಿರುವ ಸಂಘ ಸಿಎಸ್‌ಆರ್-1 ಎಂಬ ನಮೂನೆ ತುಂಬಿ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಹೆಸರು ದಾಖಲಿಸಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಕೇಂದ್ರ ಸರ್ಕಾರದ ಅನುದಾನಕ್ಕೆ ನೀತಿ ಆಯೋಗದ ದರ್ಪಣ್ ತಾಣದ ಸಂಖ್ಯೆ ಬೇಕು. ಹಣ ಬಂದ ಮೇಲೆ ಹಣ ಬಳಕೆ ಪ್ರಮಾಣಪತ್ರ, ಅಂದರೆ ಕೊಟ್ಟ ಉದ್ದೇಶಕ್ಕೇ ಹಣ ಸಂದಿದೆಯೆಂಬ ಲಿಖಿತ ದೃಢೀಕರಣ, ಸಕಾಲದಲ್ಲಿ ಹೋಗಬೇಕು. ನಗದು ಪುಸ್ತಕ, ರಸೀದಿ, ಓಚರ್, ಸಭೆಯ ನಡಾವಳಿ ಇವುಗಳನ್ನು ಅರ್ಜಿಗಾಗಿ ಅಲ್ಲ, ವಂತಿಗೆ ಕೊಟ್ಟ ಸದಸ್ಯರ ಸಲುವಾಗಿ ಬರೆದಿಟ್ಟ ಸಂಘಕ್ಕೆ ಇದಾವುದೂ ಹೊರೆಯಾಗದು.

ಆಗಬೇಕಾದದ್ದು

1. ಕರ್ನಾಟಕದಲ್ಲಿ ಕೆಲಸಕ್ಕೆ ಹಣ ಕೊಡುವ ಕಂಪನಿಗಳೂ ಪ್ರತಿಷ್ಠಾನಗಳೂ ಕನ್ನಡದಲ್ಲಿ ಅರ್ಜಿ, ವರದಿಗಳನ್ನು ಸ್ವೀಕರಿಸಲಿ.

2. ಯೋಜನೆಯಲ್ಲಿ ದುಡಿಯುವವರ ಸಂಬಳ ಮತ್ತು ಲೆಕ್ಕಪರಿಶೋಧನೆಯ ಶುಲ್ಕ ಅನುದಾನದ ಭಾಗವಾಗಲಿ. ನಿಧಾನವಾಗಿ ಫಲಿಸುವ ಕೆಲಸಕ್ಕೆ ಬಹುವರ್ಷದ ಒಪ್ಪಂದವಿರಲಿ.

3. ನೋಂದಣಿ, ತೆರಿಗೆ ವಿನಾಯಿತಿ ಮತ್ತು ನಮೂನೆಗಳ ವಿಷಯದಲ್ಲಿ ಸಣ್ಣ ಸಂಘಗಳಿಗೆ ದಾರಿ ತೋರಿಸುವ ಸಹಾಯ ಕೇಂದ್ರವನ್ನು ರಾಜ್ಯ ಸರ್ಕಾರ ಪ್ರತಿ ಜಿಲ್ಲೆಯಲ್ಲಿ ತೆರೆಯಲಿ.

4. ಪ್ರತಿ ಸಂಘವೂ ತನ್ನ ವರ್ಷದ ಜಮಾಖರ್ಚನ್ನು ಊರಿನವರೆದುರು ಓದಿ ಹೇಳಲಿ.

ಕೊನೆಯ ಅಂಶಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲವಾದ್ದರಿಂದ, ಈ ಕರಪತ್ರ ಕೈಸೇರಿದ ಸಂಘಗಳು ಮುಂದಿನ ಸಭೆಯಲ್ಲಿಯೇ ಅದನ್ನು ಜಾರಿಗೆ ತಂದು, ಉಳಿದ ಮೂರನ್ನು ಒತ್ತಾಯಿಸುವ ಠರಾವನ್ನು ಅದೇ ಸಭೆಯಲ್ಲಿ ಮಾಡಬೇಕೆಂದು ವಿನಂತಿ.